ಐದು ಅಡಿ ಏಳು ಇಂಚು

ಮುಗದದಿಂದ ರೈಲಿನಲ್ಲಿ ಬಂದ ಬೀಗರು ಬೆಂಗೇರಿಯ ಈರವ್ವನ ಪಡಸಾಲೆಯಲ್ಲಿ ಕುಳಿತು ಒಂದು ತಾಸಾಗಿತ್ತು. ಅವರೆದುರು ಮಣೆಯ ಮೇಲೆ ಕನ್ಯೆ ಚನ್ನಬಸವ್ವ ಕುಳಿತೂ ಒಂದು ತಾಸಾಗಿತ್ತು. ಬಂದವರು ಹೊರಟು ಹೋಗುವವರೆಗೆ ಏಳಕೂಡದೆಂದು ಅವಳ ಸೋದರತ್ತೆ ಈರವ್ವ ಬೆಳಿಗ್ಗೆಯೇ ಆಣೆ ಹಾಕಿಸಿದ್ದಳು. ಭೂಕಂಪವಾದರೂ ಏಳುವಂತಿರಲಿಲ್ಲ, ಮನೆ ಬಿದ್ದರೆ ಕುಳಿತಲ್ಲೇ ಮೈಮೇಲೆ ಬೀಳಿಸಿಕೊಳ್ಳಬೇಕು.

ಹುಡುಗಿಯ ದೋಷ ಒಂದೇ, ಎತ್ತರ. ಎಂಥ ಎತ್ತರ ಅಂತೀರಿ? ಬೆಂಗೇರಿಯ ಹೆಂಗಸರ ಮಾತು ನಂಬುವುದಾದರೆ ಅವಳು ಅಂಗಳದಲ್ಲಿ ನಿಂತೇ ಮಾಳಿಗೆಯ ಮೇಲಿನ ಹಪ್ಪಳ ತಿರುವಿ ಹಾಕುತ್ತಿದ್ದಳು. ಮಳೆಯ ಹನಿ ಮೊದಲು ಅವಳ ತಲೆಗೆ ಬಿದ್ದು, ಅವಳು ಹೇಳಿದ ಮೇಲೆ ಊರವರು ಕೊಡೆ ಬಿಚ್ಚುತ್ತಿದ್ದರು. ಹುಬ್ಬಳ್ಳಿ ಸ್ಟೇಶನ್ನಿಗೆ ರೈಲು ಬಂದದ್ದು ಅವಳಿಗೆ ಇಲ್ಲಿಯ ಬಾವಿಕಟ್ಟೆಯಿಂದಲೇ ಕಾಣುತ್ತಿತ್ತು. ಈ ಮಾತನ್ನು ಇನ್ನೂ ನಾಲ್ಕು ಗೇಣು ಬೆಳೆಸಲು ನನಗೂ ಬರುತ್ತದೆ. ಬೆಳೆಸುವುದರಲ್ಲಿ ನನ್ನನ್ನು ಮೀರಿಸುವವರು ಧಾರವಾಡ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ದರ್ಜಿಯ ಟೇಪಿಗೆ ಆ ಕಲೆ ಗೊತ್ತಿಲ್ಲ. ಅದು ಹೇಳಿದ್ದು ಐದು ಅಡಿ ಏಳು ಇಂಚು. ಗಂಡುಮಗ ಇಷ್ಟು ಬೆಳೆದಿದ್ದರೆ ಓಣಿಗೆಲ್ಲ ಪೇಢೆ ಹಂಚುತ್ತಿದ್ದರು.

ತಂದೆತಾಯಿ ಇಲ್ಲದ ಹುಡುಗಿ. ಹನ್ನೆರಡು ತುಂಬುತ್ತಲೇ ಈರವ್ವ, ಇನ್ನೂ ಬೆಳೆದಾಳೆಂದು ಹೆದರಿ, ಹಾಲು ಬೆಣ್ಣೆ ನಿಲ್ಲಿಸಿದಳು. ಕಾಲು ಚಾಚಿ ಮಲಗಗೊಡಲಿಲ್ಲ. 'ಬಗ್ಗಿ ನಡಿ' ಎಂದು ದಿನಕ್ಕೆ ಲಕ್ಷ ಸಲ ಹೇಳಿದಳು. ಹುಡುಗಿ ಎಷ್ಟು ಜಾಣೆಯೆಂದರೆ, ಬರಬರುತ್ತ ಯಾರೂ ಹೇಳದೆಯೇ ಬಗ್ಗಿದಳು. ಬಾವಿಗೆ ಹೋಗುವುದನ್ನು ಬಿಟ್ಟಳು, ಗೆಳತಿಯರನ್ನು ಬಿಟ್ಟಳು, ಅರ್ಧ ರೊಟ್ಟಿಗೇ ಕೈ ತೊಳೆದಳು. ಮೂರು ವರಗಳು ಒಲ್ಲೆನೆಂದು ಎದ್ದುಹೋದ ಮೇಲೆ ಹುಬ್ಬಳ್ಳಿಯ ಡಾಕ್ಟರರೊಬ್ಬರ ಮುಂದೆ ಕುಳಿತು, ಎರಡೂ ಕಾಲಿನಲ್ಲಿ ಒಂದೊಂದು ಗೇಣು ಕೊಯ್ದು ತೆಗೆಯಲು ಬರುತ್ತದೆಯೇ ಎಂದು ಕೇಳಿದಳು. ಡಾಕ್ಟರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಉತ್ತರಕ್ಕಾಗಿ ಕಾಯುತ್ತ ಕುಳಿತೇ ಇದ್ದಳು.

ಈಗ ಎದುರಿಗಿದ್ದವನು ನಾಲ್ಕನೆಯ ವರ, ಗುರುಪಾದ. ಅವನ ತಲೆಗೆ ಸುತ್ತಿದ ರುಮಾಲಿನ ಬಟ್ಟೆಯಲ್ಲಿ ಇಡೀ ಮುಗದಕ್ಕೆ ಅಂಗಿ ಹೊಲಿಸಬಹುದಿತ್ತು. ಆ ಬೆಟ್ಟದ ಬುಡದಲ್ಲಿ ಎಲ್ಲೋ ಆತನೂ ಇದ್ದ. ಮೂವತ್ತಾರನೆಯ ಇಸವಿಯ ಬೇಸಿಗೆ. ಬೆವರು ಹಣೆಯಿಂದ ಹರಿದು ಮೀಸೆಗೆ ಇಳಿದರೂ ಆತ ರುಮಾಲಿಗೆ ಕೈ ಹಚ್ಚಲಿಲ್ಲ. ಇವನೂ ತಪ್ಪಿದರೆ ಚನ್ನಬಸವ್ವನಿಗೆ ಉಳಿದವನು ಒಬ್ಬನೇ, ತಾರಿಹಾಳದ ಅರವತ್ತು ದಾಟಿದ ವಿಧುರ.

"ಹುಡುಗಿ ಎದ್ದು ನಾಕ ಹೆಜ್ಜಿ ನಡೀಲ್ರಿ, ನೋಡೂಣು," ಎಂದಳು ವರನ ತಾಯಿ ಶರಣವ್ವ.

"ನಡ್ಯೂದು ಇದ್ದ ಇರತೈತ್ರಿ. ನೀವು ಇನ್ನೊಂದೀಟು ಶಿರಾ ತಗೋರಿ," ಎಂದಳು ಈರವ್ವ.

"ಶಿರಾ ಮೂರು ಸಲ ಆತ್ರಿ. ಎಬ್ಬಸ್ರಿ."

"ಕಾಲು ಜೋಮ ಹಿಡದಾವ್ರಿ ಆಕಿಗೆ."

"ಬಂದಾಗಿಂದ ನೋಡಾಕತ್ತೇನಿ, ಕುಂತಾಕಿ ಕುಂತಂಗ ಅದಾಳ. ಖರೇ ಹೇಳ್ರಿ ಈರವ್ವಾರ, ಕುಂಟಿ ಏನು?"

ಈರವ್ವ ಒಂದು ಕ್ಷಣ ತೂಗಿ ನೋಡಿದಳು. ಒಂದು ತಟ್ಟೆಯಲ್ಲಿ ಕುಂಟು, ಇನ್ನೊಂದರಲ್ಲಿ ಎತ್ತರ. "ಹೂಂನ್ರಿ," ಎಂದಳು. "ಸ್ವಲ್ಪ ಎಳೀತಾಳ್ರಿ."

ಶರಣವ್ವನ ಮುಖ ಅರಳಿತು. "ಇಷ್ಟ ಹೌದಲ್ರಿ? ಅದಕ್ಯಾಕ ಮುಚ್ಚಿಡತೀರಿ. ನಮ್ಮ ಹುಡುಗ ಒಂದೀಟು ಗಿಡ್ಡ, ಎಲ್ಲಿ ಉದ್ದನ್ನಾಕಿ ಗಂಟು ಬೀಳತಾಳೋ ಅಂತ ನನಗ ಜೀವದಾಗ ಜೀವ ಇರಲಿಲ್ಲ. ಕುಂಟಿ ಆದ್ರ ಛಲೋನ ಆತು, ಗಂಡನ್ನ ಬಿಟ್ಟು ಮುಂದ ನಡ್ಯಾಂಗಿಲ್ಲ. ಯಾವ ಕಾಲ್ರಿ?"

"ಎಡಗಾಲ್ರಿ."

ತಾಸಿನಿಂದ ತುಟಿ ಬಿಚ್ಚದ ಚನ್ನಬಸವ್ವ ತಲೆ ಎತ್ತಿದಳು. "ದಿನಾ ಎಡಗಾಲ ಕುಂಟಬೇಕೇನು ಅತ್ತಿ? ಇಲ್ಲಾ ಹಬ್ಬಕ್ಕೊಮ್ಮೆ ಬಲಗಾಲ ಕುಂಟಿದ್ರೂ ನಡೀತೈತೋ?"

"ಬಾಯಿ ಮುಚ್ಚ, ಚನ್ನಿ."

"ಹಾಲು ಬಿಡು ಅಂದಿ, ಬಿಟ್ಟೆ. ಬಗ್ಗು ಅಂದಿ, ಬಗ್ಗಿದೆ. ಕಾಲು ಕೊಯ್ರಿ ಅಂತ ನಾನ ಹೋಗಿ ಕೇಳಿ ಬಂದೆ, ನನಗ ನಾಚಿಕಿ ಇಲ್ಲ. ನಿನಗೂ ಇಲ್ಲೇನು?"

ಎದ್ದಳು. ಏಳು ವರ್ಷದ ಮಡಿಕೆಗಳು ಒಂದೊಂದಾಗಿ ಬಿಚ್ಚಿದವು. ಮೊದಲು ಮಂಡಿ, ಆಮೇಲೆ ನಡ, ಕಟ್ಟಕಡೆಗೆ ಕುತ್ತಿಗೆ. ಜಂತಿಗೆ ತಲೆ ತಗಲಲಿಲ್ಲ, ಮಾಳಿಗೆ ಹಾರಿಹೋಗಲಿಲ್ಲ. ನೆತ್ತಿಯ ಮೇಲೆ ಇನ್ನೂ ಮೂರು ಮೊಳ ಜಾಗ ಸುಮ್ಮನೆ ಖಾಲಿ ಬಿದ್ದಿತ್ತು. ಕೇಳಿದ್ದ ನಾಲ್ಕು ಹೆಜ್ಜೆಗಳನ್ನು ಎರಡೂ ಕಾಲು ಗಟ್ಟಿಯಾಗಿ ಊರಿ ನಡೆದು ಶರಣವ್ವನ ಮುಂದೆ ನಿಂತಳು. ಗುರುಪಾದನೂ ಸಿಟ್ಟಿನಿಂದ ಎದ್ದ. ಎದ್ದದ್ದು ಯಾರಿಗೂ ಗೊತ್ತಾಗಲಿಲ್ಲ.

"ಇದು ಮೋಸ ಐತಿ," ಎಂದಳು ಶರಣವ್ವ, ಸಿಟ್ಟಿಗೆ ದನಿ ಒಡೆದಿತ್ತು. "ಕುಂಟಿ ಅಂತ ಹೇಳಿ ನೆಟ್ಟಗಿದ್ದಾಕಿನ್ನ ತೋರಸ್ತೀರಿ? ಎರಡೂ ಕಾಲು ಕಂಬದಂಗ ಅದಾವು. ನಾವೇನು ಕುರುಡರ? ನಡಿಯೋ ಗುರುಪಾದ."

ಹೊರಗೆ ಟಾಂಗಾದ ಗಾಲಿಯ ಸಪ್ಪಳ ಕೇಳಿಸಿತು. ಚನ್ನಬಸವ್ವ ನಿಂತೇ ಇದ್ದಳು. ರೂಢಿ ತಪ್ಪಿದ ಬೆನ್ನು ಗಡಗಡ ನಡುಗುತ್ತಿತ್ತು, ಆದರೂ ಕೂರಲಿಲ್ಲ. ಈರವ್ವ ನೆಲಕ್ಕೆ ಕುಸಿದು ಅವಳ ಎಡಗಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ನಿನಗ ಕೈ ಮುಗೀತೇನಿ ನನ್ನವ್ವಾ. ಅವರಿನ್ನೂ ಓಣಿ ದಾಟಿಲ್ಲ. ಬಾಗಲಾಚಿ ಹೋಗಿ ಲಗೂನ ನಾಕ ಹೆಜ್ಜಿ ಕುಂಟಿ ಬಾ."