ಕೇಸರಗಢದಲ್ಲಿ ಪಟ್ಟದ ಗೊಂಬೆ

"ಅಯ್ಯೋ ನಿನ್ನ! ಹೋಗಿ ಹೋಗಿ ಇಲ್ಲಿ ನಿಲ್ಲಿಸಿದೀಯಲ್ಲೇ ಇವರನ್ನ!"

ಹೆಂಡತಿ ಜಾನಕಿಯ ಮೇಲೆ ಚಕ್ರಪಾಣಿ ಕೂಗಿದ ರಭಸಕ್ಕೆ ಮಗಳು ಪೂಜಿತಾ ಅರ್ಧ ಹೆಣೆದ ಜಡೆಯಲ್ಲೇ ಓಡಿಬಂದಳು. ಈಸ್ಟ್‌ಗೇಟ್ ಬಡಾವಣೆಯ ಅವರ ಮನೆಯಲ್ಲಿ ಈ ಸಲ ದಸರಾ ಗೊಂಬೆಗೆ ಮೆಟ್ಟಿಲಿರಲಿಲ್ಲ, ಬೆಟ್ಟವಿತ್ತು. ಬೆಟ್ಟದ ನೆತ್ತಿಯಲ್ಲಿ ರಜಪೂತರ ಕೇಸರಗಢ. ಮೂರು ವಾರದಿಂದ ಚಕ್ರಪಾಣಿ ಆಫೀಸಿನಿಂದ ಬಂದವರೇ ಪಾರ್ಸೆಲ್ ರಟ್ಟು ಕತ್ತರಿಸಿ ಕಟ್ಟಿದ ಕೋಟೆ. ಆನೆ ಓಡಿಬಂದು ಗುದ್ದಲಾಗದಂತೆ ತಿರುವಿಗೊಂದರಂತೆ ಏಳು ಬಾಗಿಲು, ಬಾಗಿಲ ತುಂಬ ಟೂತ್‌ಪಿಕ್ಕಿನ ಮುಳ್ಳು, ಮಳೆನೀರು ಹಿಡಿಯಲು ಮೆಟ್ಟಿಲ ಕೊಳ, ರಾಣಿವಾಸಕ್ಕೆ ಜಾಲರಿ ಕಿಟಕಿ. ಎಲ್ಲ ಚೆನ್ನಾಗಿತ್ತು. ತುದಿಯ ಅರಮನೆಯಲ್ಲಿ ಮಾತ್ರ ಜರಿಪೇಟದ ಮೈಸೂರು ರಾಜ, ಪಕ್ಕದಲ್ಲಿ ರಾಣಿ, ಗತ್ತಿನಿಂದ ನಿಂತುಬಿಟ್ಟಿದ್ದರು.

"ಮತ್ತಿನ್ನೆಲ್ಲಿ ನಿಲ್ಲಿಸ್ಲಿ?" ಎಂದರು ಜಾನಕಿ, ಉಸಲಿಗೆ ಒಗ್ಗರಣೆ ಹಾಕುತ್ತಲೇ. "ನಮ್ಮಮ್ಮ ಮದುವೇಲಿ ಕೊಟ್ಟ ಪಟ್ಟದ ಗೊಂಬೆ. ಎಲ್ಲಕ್ಕಿಂತ ಮೇಲಿನ ಜಾಗ ಅವರದ್ದೇ. ನೀವು ಮೇಲೆ ಅರಮನೆ ಕಟ್ಟಿದ್ರೆ ಅದು ನನ್ನ ತಪ್ಪಾ?"

"ಆ ಕೋಟೇನ ಇವತ್ತಿನವರೆಗೂ ಯಾರೂ ಗೆದ್ದಿಲ್ಲ ಕಣೇ! ಈಗ ಬರೋರ ಮುತ್ತಜ್ಜ ಕಾದ ಕೋಟೆ!"

"ಸರಿ ಬಿಡಿ, ಈಗ ನಾವು ಗೆದ್ವಿ."

ಚಕ್ರಪಾಣಿ ತಲೆ ತಲೆ ಚಚ್ಚಿಕೊಂಡರು. ಅವರ ಸಂಕಟವೂ ಸುಳ್ಳಲ್ಲ. ಪೂಜಿತಾ ಮೆಚ್ಚಿದ ಹುಡುಗ ತನ್ಮಯ್ ಕೇಸರಗಢದವನು. ಅವನ ತಾಯಿ ಸಜ್ಜನ್ ಕನ್ವರ್, ಸೊಸೆ ರಜಪೂತರವಳೇ ಆಗಬೇಕೆಂದು ಎರಡು ವರ್ಷ ಜಪ್ಪಯ್ಯ ಅಂದರೂ ಜಗ್ಗಿರಲಿಲ್ಲ. ಈಗ ಊರಿಂದ ಬಂದು ಮಗನ ಮನೆಯಲ್ಲಿ ಇಳಿದಿದ್ದರು. ಇನ್ನು ಐದು ನಿಮಿಷಕ್ಕೆ ಹುಡುಗಿಯ ಮನೆ ನೋಡಲು ಬರುವವರಿದ್ದರು. ಕೋಟೆ ಕಟ್ಟಿದ್ದೇ ಆಕೆಯನ್ನು ಒಲಿಸಿಕೊಳ್ಳಲು. ಒಲಿಸುವುದಿರಲಿ, ಜಾನಕಿ ಆಕೆಯ ಮನೆತನದ ಮೇಲೆ ದಂಡೆತ್ತಿ ಹೋದಂತಾಗಿತ್ತು.

"ಅಮ್ಮಾ, ಪ್ಲೀಸ್! ಜಸ್ಟ್ ಒನ್ ಅವರ್. ಫ್ರಿಜ್ ಮೇಲೆ ಇಡೋಣ," ಪೂಜಿತಾಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ಷಿ ವಿಲ್ ಸೇ ನೋ ಅಗೇನ್."

"ರಾಜನ್ನ ಫ್ರಿಜ್ ಮೇಲಾ? ಸುಮ್ನಿರು. ಆರತಿ ಎತ್ತಿ ಆಗಿದೆ, ವಿಜಯದಶಮಿವರೆಗೂ ಅಲ್ಲಾಡಿಸೋ ಹಾಗಿಲ್ಲ." ಹಾಗೆಂದರೂ ಮಗಳ ಮುಖ ನೋಡಿ ಜಾನಕಿ ಒಲೆ ಆರಿಸಿದರು. ಒಂದು ಹೆಜ್ಜೆ ಗೊಂಬೆಯ ಕಡೆ ಇಟ್ಟರು. ಅಷ್ಟರಲ್ಲಿ ಬೆಲ್ ಆಯಿತು.

ತನ್ಮಯ್ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದ. ಸಜ್ಜನ್ ಕನ್ವರ್ ಒಬ್ಬರೇ ಒಳಗೆ ಬಂದವರು, ಕೂರಿ ಎಂದರೂ ಕೂರದೆ, ಕನ್ನಡಕ ಏರಿಸಿ ನೇರ ಕೋಟೆಯ ಮುಂದೆ ನಿಂತರು. ತೋರುಬೆರಳು ಬಾಗಿಲಿನಿಂದ ಬಾಗಿಲಿಗೆ ಹತ್ತತೊಡಗಿತು.

"ಏಳು. ಸರಿಯಾಗಿದೆ," ಎಂದರು ಹಿಂದಿಯಲ್ಲಿ. "ಕೊಳ ಎಡಕ್ಕಿರಬೇಕಿತ್ತು. ಪರವಾಗಿಲ್ಲ."

ಬೆರಳು ತುದಿ ಮುಟ್ಟಿ ನಿಂತಿತು. "ಇವರು ಯಾರು?"

ಚಕ್ರಪಾಣಿ ಕೋಟೆಯ ಪಕ್ಕಕ್ಕೆ ಸರಿದರು. "ಜೀ, ಅದು... ಅತಿಥಿಗಳು. ಸುಮ್ಮನೆ ನೋಡಿಕೊಂಡು ಹೋಗಲು ಬಂದ..." ಎಂದು ತೊದಲಿದರು.

"ಅತಿಥಿ ಗಿತಿಥಿ ನಹೀ," ಜಾನಕಿ ಟೀವಿಯಲ್ಲಿ ಕಲಿತ ಹಿಂದಿಯನ್ನೆಲ್ಲ ಒಟ್ಟುಮಾಡಿಕೊಂಡು ಮುಂದೆ ಬಂದರು. "ಹಮಾರಾ ಮೈಸೂರ್ ಕಾ ರಾಜಾ ರಾಣಿ. ಮೇರಾ ಅಮ್ಮಾ ದಿಯಾ. ನೀಚೇ ನಹೀ ಉತಾರೇಗಾ." ಕೆಳಗಿಳಿಸುವುದಿಲ್ಲ ಎಂದು ಕೈಯಾಡಿಸಿಯೂ ತೋರಿಸಿದರು.

ಪೂಜಿತಾ ಕಣ್ಣು ಮುಚ್ಚಿಕೊಂಡಳು.

ಸಜ್ಜನ್ ಕನ್ವರ್ ಗೊಂಬೆಯನ್ನು ನೋಡಿದರು, ಜಾನಕಿಯನ್ನು ನೋಡಿದರು, ಮತ್ತೆ ಗೊಂಬೆಯನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು, ಸೋಫಾದಲ್ಲಿ ಕಾಲು ಮಡಚಿ ಕೂತು, ಉಸಲಿಯ ಬಟ್ಟಲನ್ನು ತಾವೇ ಎತ್ತಿಕೊಂಡರು.

"ಹಿಂದೆಲ್ಲ ಕೋಟೆ ಸೋತವರು ಗೆದ್ದವರಿಗೆ ಮಗಳನ್ನು ಕೊಟ್ಟು ರಾಜಿ ಮಾಡಿಕೊಳ್ಳೋದಿತ್ತು," ಎಂದರು, ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತ. "ನನಗೆ ಹೆಣ್ಣುಮಕ್ಕಳಿಲ್ಲ. ಮಗನಾದರೆ ನಡೆಯುತ್ತಾ?"