ಸೆರೆಯಾಳಿನ ಪಾಲು

ಕಾಡಿನ ಬಂಡುಕೋರರ ಕೈಗೆ ಸಿಕ್ಕಿಬಿದ್ದ ಸುಬೇದಾರರಿಗೆ ದೇವರ ದಯೆಯಿಂದ ಪ್ರಾಣವೇನೋ ಉಳಿದಿತ್ತು. ನಾಲಿಗೆ ಮಾತ್ರ ಸತ್ತುಹೋಗಿತ್ತು. ದಿನವೂ ಅದೇ ಒಂದು ರಾಗಿಮುದ್ದೆ, ಅದೇ ಸೊಪ್ಪಿನ ಸಾರು.

“ಏನಮ್ಮಾ, ಯುದ್ಧಕ್ಕೂ ಕಾನೂನಿದೆ, ಗೊತ್ತಾ?” ಎಂದು ಅಡುಗೆಯ ಕೆಂಚಕ್ಕನ ಮೇಲೆ ಹರಿಹಾಯ್ದರು. “ನಾನು ಸೆರೆಯಾಳು. ನೀವು ಉಣ್ಣೋದನ್ನೇ ನನಗೂ ಬಡಿಸಬೇಕು. ಒಳಗೆ ಕೂತು ಕೋಳಿ ಬಾರಿಸಿ, ನನಗೆ ಮುದ್ದೆನಾ?”

“ಹಂಗಂತೀರಾ ಸಾಮಿ? ನಾವು ದಡ್ಡರು, ನಿಮ್ಮನ್ನ ನೆಂಟರು ಅಂದ್ಕೊಂಡಿದ್ವಿ.”

“ನೆಂಟನೂ ಅಲ್ಲ, ಗಿಂಟನೂ ಅಲ್ಲ. ಕಾನೂನು ಅಂದ್ರೆ ಕಾನೂನು!”

“ಆಗ್ಲಿ ಬುಡಿ” ಎಂದ ಕೆಂಚಕ್ಕ ಗುಡಿಸಲೊಳಗಿದ್ದವರನ್ನೆಲ್ಲ ಊಟಕ್ಕೆ ಕರೆದಳು. ಎಲ್ಲರೂ ಸುತ್ತ ಕೂತ ಮೇಲೆ ಅಂದು ಬೆಂದಿದ್ದ ಒಂದೇ ಮುದ್ದೆಯನ್ನು ಸುಬೇದಾರರ ತಟ್ಟೆಯಿಂದೆತ್ತಿ, ಮುರಿದು ಎಲ್ಲರಿಗೂ ಹಂಚಿ, ಸುಬೇದಾರರ ಪಾಲಿಗೆ ಬಂದ ನೆಲ್ಲಿಕಾಯಿ ಗಾತ್ರದ ತುಂಡನ್ನು ಅವರ ಮುಂದಿಟ್ಟಳು.