ನಂಬರಿಲ್ಲದ ಅಚ್ಚು

ಕಡಲ ದಂಡೆಯ ಕಲ್ಲಾದ ಕೆಸರಿನಲ್ಲಿ ಉಳಿದಿದ್ದ ಆದಿಮಾನವರ ಆರು ಹೆಜ್ಜೆಗಳಿಗೆ ಮುಕುಂದರಾಯರು ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆದಿದ್ದರು. ಅದಕ್ಕೂ ಮೊದಲು, ಪ್ಲಾಸ್ಟರಿನ ಹದ ನೋಡಲೆಂದು, ಹೆಂಡತಿ ವತ್ಸಲೆಯಿಂದ ಪಕ್ಕದ ಒದ್ದೆ ಮರಳಿನಲ್ಲಿ ಒಂದು ಹೆಜ್ಜೆ ಇಡಿಸಿ ಅದರದ್ದೂ ಅಚ್ಚು ತೆಗೆದರು.

"ನನ್ನಷ್ಟೇ ಪಾದ ಇವರದ್ದೂ" ಎಂದು ಅವಳು ನಕ್ಕಿದ್ದಳು.

ಮರಳು ಮೆತ್ತಿಕೊಂಡಿದ್ದ ಅಚ್ಚುಗಳ ಹಿಂದೆ ಒಂದರಿಂದ ಆರರವರೆಗೆ ನಂಬರ್ ಬರೆದ ರಾಯರು, ಅವಳದ್ದಕ್ಕೆ ಮಾತ್ರ ಬರೆಯಲಿಲ್ಲ. "ನಿನ್ನ ಹೆಜ್ಜೆಗೆ ನಂಬರ್ ಯಾಕೆ? ನನಗೆ ಗೊತ್ತಾಗೋದಿಲ್ವೇ?"

ಆ ಮಳೆಗಾಲ ಕಡಲು ದಂಡೆಯ ಹೆಜ್ಜೆಗಳನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಮರುವರ್ಷ ವತ್ಸಲೆಯೂ ಹೋದಳು.

ಹನ್ನೊಂದು ವರ್ಷದಿಂದ ನಂಬರಿಲ್ಲದ ಆ ಅಚ್ಚು ರಾಯರ ಊಟದ ಮೇಜಿನ ಮೇಲಿದೆ. ಸವರಿ ಸವರಿ ಅದರ ಬೆರಳುಗಳೆಲ್ಲ ನುಣುಪಾಗಿವೆ. ಸಾರಿಗೆ ಉಪ್ಪು ಹೆಚ್ಚಾದರೆ ರಾಯರು ಅದಕ್ಕೇ ಹೇಳುತ್ತಾರೆ. ಮನೆಯಲ್ಲಿ ಕೇಳುವವರು ಬೇರೆ ಯಾರೂ ಇಲ್ಲ.

ಇವತ್ತು ಊಟಕ್ಕೆ ಕೂತಾಗ ಪ್ರಯೋಗಾಲಯದಿಂದ ಫೋನು ಬಂತು.

"ಸರ್, ಕೊನೆಗೂ ಕಾಲನಿರ್ಣಯ ಆಯ್ತು. ಕಲ್ಲಿನ ಆಯುಧಗಳು ಸಿಕ್ಕ ಪದರವೂ ಹೆಜ್ಜೆಗಳಿದ್ದ ಪದರವೂ ಒಂದೇ. ಒಂದು ಲಕ್ಷ ಇಪ್ಪತ್ತು ಸಾವಿರ ವರ್ಷ."

ರಾಯರು ಅಚ್ಚಿನ ಹಿಮ್ಮಡಿಯನ್ನು ಮೆಲ್ಲಗೆ ತಟ್ಟಿದರು. "ಕೇಳಿಸ್ತಾ, ವತ್ಸಲೆ?"

"ಒಂದೇ ಒಂದು ತೊಡಕು, ಸರ್. ನೀವು ಕಳಿಸಿದ ಆರು ಅಚ್ಚುಗಳನ್ನೂ ತೊಳೆದು ನೋಡಿದೆವು. ನಾಲ್ಕನೇ ನಂಬರಿನದು…"

"ಏನಾಗಿದೆ ಅದಕ್ಕೆ?"

"ಆ ಕಾಲದವರು ಕಾಲುಂಗುರ ಹಾಕ್ತಿದ್ರಾ, ಸರ್?"